ಪಟ್ಟಾಭಿಷೇಕದ ಆಚೆಯ ಪುಟಗಳು

ನಮ್ಮ ಮನೆಯ ರಾಮಾಯಣ ಪಟ್ಟಾಭಿಷೇಕಕ್ಕೆ ಮುಗಿಯುತ್ತಿತ್ತು. ಸೀತೆ ರಾಮನ ಪಕ್ಕದಲ್ಲಿ ಕೂತಳು, ಅಯೋಧ್ಯೆಯವರೆಲ್ಲ ಸಂತೋಷಪಟ್ಟರು, ಅಮ್ಮ ಪಾನಕ ಹಂಚಿದಳು, ಅಪ್ಪ ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟರು, ಅಲ್ಲಿಗೆ ಆಯಿತು. ಆಮೇಲೂ ಒಂದು ಕಾಂಡವಿದೆ, ಅದರಲ್ಲಿ ಬಸುರಿ ಸೀತೆಯನ್ನು ಕಾಡಿಗೆ ಬಿಟ್ಟು ಬರುತ್ತಾರೆ ಎಂಬುದು ನನಗೆ ಹತ್ತು ವರ್ಷ ತುಂಬುವ ತನಕ ಗೊತ್ತಿರಲಿಲ್ಲ. ಹೇಳಿದವಳು ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ. ನಾನು ಅವಳನ್ನು ಸುಳ್ಳಿ ಎಂದೆ, ಅವಳು ನನ್ನ ಜಡೆ ಹಿಡಿದೆಳೆದಳು, ಅಳುತ್ತಾ ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅಪ್ಪ ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಚಿಕ್ಕವರು ಕೇಳಿದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಉತ್ತರ ಹೇಳುವುದು ಅವರ ಅಭ್ಯಾಸ. ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು.

"ಅದು ಆಮೇಲೆ ಯಾರೋ ಸೇರಿಸಿದ್ದು ಕಣಮ್ಮ. ಮೂಲದಲ್ಲಿ ಇಲ್ಲ."

ಹೇಳಿದ್ದಷ್ಟೇ ಅಲ್ಲ, ಪುಸ್ತಕವನ್ನು ಇಳಿಸಿ ಅದರ ಬೆನ್ನುಕಟ್ಟು ತೋರಿಸಿದರು. ಕೊನೆಯ ಕಾಂಡದ ಹೊಲಿಗೆ ಬಿಚ್ಚಿ, ಆ ಹಾಳೆಗಳನ್ನು ತೆಗೆದು, ಉಳಿದದ್ದಕ್ಕೆ ಹೊಸ ದಾರ ಹಾಕಿ ಅಚ್ಚುಕಟ್ಟಾಗಿ ಕಟ್ಟಿದ್ದರು. ತಾವೇ ಮಾಡಿದ್ದು ಎಂದರು. ಶೈಲಿ ಬೇರೆ, ಮಾತಿನ ತೂಕ ಬೇರೆ, ಪಟ್ಟಾಭಿಷೇಕದ ಕೊನೆಗೇ ಫಲಶ್ರುತಿ ಬಂದುಬಿಟ್ಟ ಮೇಲೆ ಕಥೆ ಮುಂದುವರಿಯುವುದು ಹೇಗೆ ಎಂದು ನನಗೆ ಅರ್ಥವಾಗದ ಏನೇನೋ ಕಾರಣ ಹೇಳಿದರು. ನಾನು ಮಾರನೆಯ ದಿನ ಶಾಲೆಯಲ್ಲಿ ಗೆದ್ದವಳ ಹಾಗೆ ನಡೆದೆ. ಅಪ್ಪ ಆ ಹೊಲಿಗೆ ಬಿಚ್ಚಿದ್ದು ಜಯತ್ತೆ ನಮ್ಮ ಮನೆಗೆ ಬಂದ ವರ್ಷ ಎಂಬುದನ್ನು ಅಮ್ಮ ಬಾಯಿತಪ್ಪಿ ಹೇಳಿದ್ದು ಎಷ್ಟೋ ದಿನಗಳ ಮೇಲೆ.

ಜಯತ್ತೆ ಅಪ್ಪನ ತಂಗಿ. ನಾನು ಇನ್ನೂ ಶಾಲೆಗೆ ಸೇರದಿದ್ದಾಗ ಒಂದು ಮಧ್ಯಾಹ್ನ ಚಿಂತಾಮಣಿಯ ಬಸ್ಸಿನಿಂದ ಒಂದು ಟ್ರಂಕಿನ ಜೊತೆ ಇಳಿದು ಬಂದವಳು, ಮತ್ತೆ ಹೋಗಲಿಲ್ಲ. ಅತ್ತೆ ಯಾವಾಗ ಊರಿಗೆ ಹೋಗ್ತಾಳೆ ಎಂದು ಒಮ್ಮೆ ಊಟಕ್ಕೆ ಕೂತಾಗ ಕೇಳಿದ್ದಕ್ಕೆ ಅಮ್ಮ ತೊಡೆ ಚಿವುಟಿದ್ದಳು. ಮದುವೆಯಾಗಿ ಆರು ವರ್ಷ ಮಕ್ಕಳಾಗಲಿಲ್ಲವೆಂದು ಅವಳ ಗಂಡ ಇನ್ನೊಬ್ಬಳನ್ನು ತಂದುಕೊಂಡ, ಇವಳನ್ನು ಸ್ವಲ್ಪ ದಿನ ತವರಲ್ಲಿದ್ದು ಬಾ ಎಂದು ಬಸ್ಸು ಹತ್ತಿಸಿದ ಎಂಬುದನ್ನು ನಾನು ಚೂರುಚೂರಾಗಿ ಕೂಡಿಸಿಕೊಂಡೆ. ನಮ್ಮದು ಒಂದು ನಡುಮನೆ, ಅದರ ಆಚೀಚೆ ಎರಡು ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ಅಡುಗೆಮನೆಗೂ ನಡುಮನೆಗೂ ನಡುವಿನ ಮೂಲೆ ಅತ್ತೆಯದು. ಟ್ರಂಕು, ಅದರ ಮೇಲೆ ಮಡಿಸಿದ ಹಾಸಿಗೆ, ಗೋಡೆಗೆ ಒಂದು ಕೈಗನ್ನಡಿ. ಹಿತ್ತಲಿನಾಚೆ ರೇಷ್ಮೆ ಬಿಚ್ಚುವವರ ಒಲೆಗಳಿದ್ದವು. ಬೆಂದ ರೇಷ್ಮೆಗೂಡಿನ ವಾಸನೆ ನಮ್ಮ ಅನ್ನದಲ್ಲೂ ಇರುತ್ತಿತ್ತು. ಅತ್ತೆಗೆ ಆ ವಾಸನೆ ಕೊನೆಯವರೆಗೂ ಒಗ್ಗಲಿಲ್ಲ. ಸೆರಗು ಮೂಗಿಗೆ ಹಿಡಿದೇ ರಾಗಿ ಬೀಸುವಳು.

ಭಾನುವಾರ ಮಧ್ಯಾಹ್ನ ನಮ್ಮ ಜಗಲಿಗೆ ಇಬ್ಬರು ಬರುತ್ತಿದ್ದರು. ಒಬ್ಬರು ಉರ್ದು ಶಾಲೆಯ ಗಫೂರ್ ಸಾಹೇಬರು, ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ಇನ್ನೊಬ್ಬರು ಆಸ್ಪತ್ರೆಯ ಕಂಪೌಂಡರ್ ದೇವದಾನಂ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ದಪ್ಪ ಮನುಷ್ಯ. ಮೂವರೂ ಅವರವರ ಧರ್ಮಗ್ರಂಥದ ಬಗ್ಗೆ ವಾದ ಮಾಡುತ್ತಿದ್ದರು. ಯಾವುದು ಮೊದಲಿನದು, ಯಾವುದು ಆಮೇಲೆ ಸೇರಿದ್ದು, ಯಾವುದನ್ನು ಯಾರು ಬಿಟ್ಟರು, ಬಿಡುವುದಕ್ಕೆ ಅವರಿಗೆ ಅಧಿಕಾರ ಕೊಟ್ಟವರು ಯಾರು. ದೇವದಾನಂ ಅವರ ಮನೆಯಲ್ಲೇ ಈ ಜಗಳವಿತ್ತು. ಅವರದು ಪ್ರಾಟೆಸ್ಟೆಂಟ್ ಬೈಬಲು, ಹೆಂಡತಿ ಕ್ಯಾಥೊಲಿಕ್ ಮನೆಯಿಂದ ಬಂದವರು, ಆಕೆಯ ಬೈಬಲಿನಲ್ಲಿ ಏಳು ಪುಸ್ತಕ ಹೆಚ್ಚು. ಎರಡನ್ನೂ ಬೇರೆಬೇರೆ ಗೂಡಿನಲ್ಲಿಟ್ಟಿದ್ದೇವೆ, ಊಟ ಮಾತ್ರ ಒಟ್ಟಿಗೆ ಎಂದು ಅವರೇ ನಗುತ್ತಿದ್ದರು. ಗಫೂರ್ ಸಾಹೇಬರು ತಮ್ಮ ಕುರಾನಿನಲ್ಲಿ ಒಂದಕ್ಷರ ಆಚೀಚೆ ಆಗಿಲ್ಲ ಎನ್ನುವರು. ಅಪ್ಪ ತಮ್ಮ ಕತ್ತರಿಸಿದ ರಾಮಾಯಣದ ಕಥೆಯನ್ನು ಹೆಮ್ಮೆಯಿಂದ ಹೇಳುವರು.

ಜಗಲಿಗೆ ಒಂದು ಕಟ್ಟುಪಾಡಿತ್ತು. ಗಫೂರ್ ಸಾಹೇಬರು ತಮ್ಮ ಗುರುಗಳಿಂದ ಕಲಿತದ್ದಂತೆ. ಎದುರಿನವನಿಗೆ ಉತ್ತರ ಕೊಡುವ ಮೊದಲು ಅವನ ಮಾತನ್ನು ನೀನು ಹೇಳಬೇಕು, ಅವನು "ಹೌದು, ನಾನು ಹೇಳಿದ್ದು ಇದೇ" ಎಂದ ಮೇಲೆಯೇ ನಿನ್ನ ಮಾತು. ಇದರಿಂದ ಒಂದೊಂದು ವಾದ ಮೂರು ಭಾನುವಾರ ಎಳೆಯುತ್ತಿತ್ತು. ಇಷ್ಟು ಮರ್ಯಾದೆಯ ಜನಕ್ಕೆ ಅಮ್ಮ ಕಾಫಿ ಕೊಡುತ್ತಿದ್ದದ್ದು ಮಾತ್ರ ಬೇರೆ ಲೋಟದಲ್ಲಿ. ಆ ಎರಡು ಲೋಟ ಒಳಗೆ ಬರುತ್ತಿರಲಿಲ್ಲ, ಜಗಲಿಯ ಕಿಟಕಿಯಲ್ಲೇ ಬೋರಲಾಗಿರುತ್ತಿದ್ದವು. ಅವರಿಬ್ಬರಿಗೂ ಅದು ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು, ಅದರ ಬಗ್ಗೆ ಯಾರೂ ವಾದ ಮಾಡಲಿಲ್ಲ. ದೇವರ ಮಾತನ್ನೇ ಎಳೆದಾಡುವವರು ಲೋಟದ ಮಾತೆತ್ತದೆ ಇದ್ದದ್ದು ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಒಂದು ಭಾನುವಾರ ಹಾಜಿರಾಳ ವಿಷಯ ಬಂತು. ಇಬ್ರಾಹಿಮರು ತಮ್ಮ ಹೆಂಗಸನ್ನೂ ಕೂಸನ್ನೂ ಮರಳುಗಾಡಿನಲ್ಲಿ ಬಿಟ್ಟು ಬಂದ ಕಥೆ. ಗಫೂರ್ ಸಾಹೇಬರ ಪ್ರಕಾರ ಅದು ದೇವರ ಆಜ್ಞೆ. ಹಾಜಿರಾ ಪೂಜ್ಯಳು, ನೀರಿಗಾಗಿ ಅವಳು ಎರಡು ಗುಡ್ಡಗಳ ನಡುವೆ ಓಡಿದ ಹಾಗೆ ಹಜ್‌ಗೆ ಹೋದವರು ಇವತ್ತಿಗೂ ಓಡುತ್ತಾರೆ. ದೇವದಾನಂ ಗಂಟಲು ಸರಿಮಾಡಿಕೊಂಡು, ತಮ್ಮಲ್ಲಿ ಅವಳ ಹೆಸರು ಹಾಗರ್, ಅವಳು ದಾಸಿ, ದೊಡ್ಡ ಹೆಂಡತಿಯ ಹಟಕ್ಕೆ ಅವಳನ್ನು ಹೊರಗೆ ಹಾಕಿದ್ದು ಎಂದರು. ಇಬ್ಬರೂ ಒಬ್ಬರ ಮಾತನ್ನೊಬ್ಬರು ಹೇಳಿ ಒಪ್ಪಿಸುವುದರಲ್ಲಿ ಇದ್ದಾಗ ಒಳಬಾಗಿಲ ಮರೆಯಿಂದ ಅತ್ತೆ ಮಾತಾಡಿದಳು. ಅವಳು ಜಗಲಿಯ ಮಾತಿಗೆ ದನಿ ಸೇರಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಆಯಮ್ಮ ಸುಮ್ನೆ ಇದ್ಲಾ?"

ಮೂವರೂ ಬಾಗಿಲ ಕಡೆ ತಿರುಗಿದರು. ಗಫೂರ್ ಸಾಹೇಬರು ಸಾವಧಾನವಾಗಿ ಉತ್ತರ ಹೇಳಿದರು. ಗಂಡ ಹಿಂದಿರುಗಿ ನೋಡದೆ ಹೊರಟಾಗ ಹಾಜಿರಾ ಅವರ ಹಿಂದೆ ಹೋಗಿ, ಇದು ದೇವರು ಹೇಳಿದ್ದಾ ಎಂದು ಕೇಳಿದಳು. ಹೌದು ಅಂದರು. ಹಾಗಾದರೆ ಅವನು ನಮ್ಮ ಕೈ ಬಿಡುವುದಿಲ್ಲ ಎಂದು ತಿರುಗಿ ಬಂದು ಕೂತಳು. ಇದು ನಿಮ್ಮ ಪುಸ್ತಕದಲ್ಲಿದೆಯಾ ಎಂದು ಅತ್ತೆ ಕೇಳಿದಳು. ಸಾಹೇಬರು ಗಡ್ಡ ನೀವಿಕೊಂಡರು. ಕುರಾನಿನಲ್ಲಿ ಇಷ್ಟು ವಿವರ ಇಲ್ಲಮ್ಮ, ಪ್ರವಾದಿಯವರ ಮಾತುಗಳನ್ನು ಆಮೇಲೆ ಕೂಡಿಸಿಟ್ಟಿದ್ದಾರೆ, ಅದರಲ್ಲಿದೆ ಎಂದರು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ದೇವದಾನಂ ಅಷ್ಟೇ ಪ್ರಾಮಾಣಿಕವಾಗಿ, ತಮ್ಮ ಪುಸ್ತಕದಲ್ಲಿ ಹಾಗರ್ ಮೊದಲೊಮ್ಮೆ ತಾನೇ ಓಡಿಹೋಗಿದ್ದಳು, ದೇವದೂತ ಬಂದು ವಾಪಸ್ ಹೋಗಿ ತಗ್ಗಿಬಗ್ಗಿ ಇರು ಎಂದ ಎಂದು ಹೇಳಿದರು.

"ಹೋದ್ಲಾ?"

"ಹೋದ್ಲಮ್ಮಾ."

"ಹೋದ್ಮೇಲೆ ಮತ್ತೆ ಓಡಿಸಿದ್ರಾ?"

"ಓಡಿಸಿದ್ರು."

ಅತ್ತೆ ಒಳಗೆ ಹೋದಳು. ಅಪ್ಪ ಮಾತು ಬದಲಾಯಿಸಿದರು. ನನಗೆ ತಲೆ ಕೆಟ್ಟುಹೋಯಿತು. ಅವಳು ಪೂಜ್ಯಳೋ ದಾಸಿಯೋ? ಬಿಟ್ಟು ಬಂದವನನ್ನು ಎರಡು ಪುಸ್ತಕದವರೂ ದೊಡ್ಡ ಮನುಷ್ಯ ಎಂದೇ ಯಾಕೆ ಹೇಳುತ್ತಾರೆ? ಸೀತೆಯನ್ನು ಬಿಟ್ಟದ್ದು ಸುಳ್ಳು, ಇವಳನ್ನು ಬಿಟ್ಟದ್ದು ನಿಜ, ಅದು ಹೇಗೆ? ಕೆಲವು ದಿನಗಳ ಮೇಲೆ, ಎಲ್ಲರೂ ಮಲಗಿದ್ದ ಬಿಸಿಲಿನ ಹೊತ್ತು, ಅತ್ತೆ ತನ್ನ ಮೂಲೆಯಲ್ಲಿ ಟ್ರಂಕಿನ ಮುಚ್ಚಳ ತೆರೆದಿಟ್ಟು ಅದರ ಮರೆಯಲ್ಲಿ ಓದುತ್ತಿದ್ದದ್ದನ್ನು ಕಂಡೆ. ಹಳದಿ ಹಾಳೆ, ಅಂಚಿನಲ್ಲಿ ಸೂಜಿಯ ತೂತು. ಅಪ್ಪ ಅಟ್ಟಕ್ಕೆ ಹಾಕಿದ್ದ ಕಾಂಡವನ್ನು ಅವಳು ಯಾವತ್ತೋ ಇಳಿಸಿಕೊಂಡಿದ್ದಳು. ನನ್ನನ್ನು ನೋಡಿ ಬಚ್ಚಿಡಲಿಲ್ಲ, ಕರೆಯಲೂ ಇಲ್ಲ. ನಾನು ಯಾರಿಗೂ ಹೇಳಲಿಲ್ಲ.

ಆ ವರ್ಷ ಹುಣಸೆಹಣ್ಣು ಕುಟ್ಟುವ ಕಾಲಕ್ಕೆ ಅತ್ತೆಯ ಭಾವ, ಅಂದರೆ ಅವಳ ಗಂಡನ ಅಣ್ಣ, ಚಿಂತಾಮಣಿಯಿಂದ ಬಂದರು. ಒಂದು ಬಾಳೆಗೊನೆ, ಒಂದು ಹಸಿರು ಸೀರೆ ತಂದಿದ್ದರು. ತೆಲುಗು ಬೆರೆತ ಮೆತ್ತಗಿನ ಮಾತಿನವರು, ನಾನು ಕಲ್ಪಿಸಿಕೊಂಡಿದ್ದ ಕೆಟ್ಟವರ ಹಾಗೆ ಇರಲೇ ಇಲ್ಲ. ತಮ್ಮನ ಎರಡನೆಯ ಹೆಂಡತಿ ಜ್ವರ ಬಂದು ತೀರಿಕೊಂಡಳಂತೆ. ಎಂಟು ತಿಂಗಳ ಹೆಣ್ಣುಕೂಸು ಇದೆಯಂತೆ. ಜಯಮ್ಮನನ್ನು ಕಳಿಸಿಕೊಡಿ, ಆಗಿದ್ದೆಲ್ಲ ಮರೆತುಬಿಡೋಣ ಎಂದರು. "ಚಂಟಿಬಿಡ್ಡ ಮೇಷ್ಟ್ರೇ" ಎಂದು, ಹಸುಗೂಸು ಎನ್ನುವುದನ್ನು ತೆಲುಗಿನಲ್ಲೇ ಎರಡು ಸಲ ಹೇಳಿ ಕಣ್ಣೊರೆಸಿಕೊಂಡರು. ಅಪ್ಪನ ಮುಖ ನೋಡಬೇಕಿತ್ತು. ಆರು ವರ್ಷದಿಂದ ಆ ಮುಖದ ಮೇಲೆ ಇದ್ದ ಏನೋ ಒಂದು ಭಾರ ಇಳಿದ ಹಾಗಿತ್ತು. ಒಳಗೆ ಅತ್ತೆ ಬರುವುದಿಲ್ಲ ಎಂದಳು. ಕೂಸನ್ನು ಇಲ್ಲಿಗೆ ಕೊಟ್ಟರೆ ಸಾಕುತ್ತೇನೆ ಎಂದಳು. ನಮ್ಮ ಮನೆ ಕೂಸನ್ನು ಬೇರೆ ಮನೆಗೆ ಹೇಗೆ ಕೊಡುವುದು ಎಂದು ಭಾವ ತಲೆಯಾಡಿಸಿದರು. ಮುಂದಿನ ಭಾನುವಾರ ಸಂಜೆಯ ಬಸ್ಸಿಗೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಬುದ್ಧಿ ಹೇಳಿ ಎಂದು ಹೋದರು. ಸೀರೆಯನ್ನು ಬಿಟ್ಟೇ ಹೋದರು.

ಆ ವಾರ ನಮ್ಮ ಮನೆಯಲ್ಲಿ ಊಟ ರುಚಿಸಲಿಲ್ಲ. ಅಪ್ಪ ತಟ್ಟೆಯ ಮುಂದೆ ಕೂತು ಮಾತು ಶುರುಮಾಡುವರು, ಅತ್ತೆ ಬಡಿಸುತ್ತಾ ಕೇಳಿಸಿಕೊಳ್ಳುವಳು, ಸಾರು ಆರುವುದು. ಅಮ್ಮ ಒಂದು ದಿನ ಅತ್ತೆಯ ಪರ, ಒಂದು ದಿನ ಕೂಸಿನ ಪರ. ನಾನಂತೂ ಗಂಟೆಗೊಂದು ಪಕ್ಷ. ಕೂಸಿನ ಬಗ್ಗೆ ಯೋಚಿಸಿದರೆ ಅತ್ತೆ ಹೋಗಬೇಕು ಅನ್ನಿಸುತ್ತಿತ್ತು. ಅವಳ ಜೊತೆ ಬಸ್ಸಿಳಿದ ಆ ಟ್ರಂಕಿನ ಬಗ್ಗೆ ಯೋಚಿಸಿದರೆ ಹೋಗಬಾರದು ಅನ್ನಿಸುತ್ತಿತ್ತು. ಅವಳು ಹೋದರೆ ರಾತ್ರಿ ನನ್ನ ಪಕ್ಕ ಮಲಗುವವರು ಯಾರು ಎಂದು ಯೋಚಿಸಿ ಅಳುತ್ತಿದ್ದೆ, ಅದು ಸ್ವಾರ್ಥವೆಂದು ತಿಳಿದು ಇನ್ನೂ ಅಳುತ್ತಿದ್ದೆ.

ಭಾನುವಾರ ಬಂತು. ಅಪ್ಪ ಇಬ್ಬರು ಸ್ನೇಹಿತರನ್ನೂ ಬೇಗ ಬರಹೇಳಿದ್ದರು. ವಿಷಯವನ್ನು ಮುಂದಿಟ್ಟು, ನನ್ನ ಮಾತು ಕೇಳುತ್ತಿಲ್ಲ, ನೀವು ಹಿರಿಯರು, ನಿಮ್ಮ ನಿಮ್ಮ ಶಾಸ್ತ್ರ ಏನು ಹೇಳುತ್ತದೋ ಅದನ್ನೇ ಹೇಳಿ ಒಪ್ಪಿಸಿ ಎಂದು ಕೇಳಿಕೊಂಡರು. ಗಫೂರ್ ಸಾಹೇಬರು, ಮೊದಲು ಜಯಮ್ಮನವರು ಹೇಳಲಿ, ಕೇಳದೆ ಉತ್ತರ ಕೊಡುವ ಪದ್ಧತಿ ಈ ಜಗಲಿಯಲ್ಲಿ ಇಲ್ಲವಲ್ಲ ಎಂದರು. ಅತ್ತೆ ಹೊರಗೆ ಬಂದಳು. ಬಾಗಿಲ ಮರೆಯಲ್ಲಿ ನಿಲ್ಲದೆ ಹೊಸ್ತಿಲ ಈಚೆಗೆ, ಜಗಲಿಯ ಮೇಲೆಯೇ ಕೂತಳು. ಕೈಯಲ್ಲಿ ಆ ಹಾಳೆಗಳಿದ್ದವು. ಅಪ್ಪ ಗುರುತು ಹಿಡಿದರು.

"ಅಣ್ಣಯ್ಯ, ನೀವು ಕಿತ್ತಿಟ್ಟಿರೋದನ್ನ ನಾನು ಓದಿದೀನಿ. ಕೊನೇಗೆ ಅವಳನ್ನ ವಾಪಸ್ ಕರೀತಾರೆ. ಎಲ್ಲಾರ ಮುಂದೆ ಇನ್ನೊಂದ್ಸಲ ಪ್ರಮಾಣ ಮಾಡು, ಆಮೇಲೆ ಬಾ ಅಂತಾರೆ. ಅವಳು ಬರಲ್ಲ. ಭೂಮಿಗೆ ಹೋಗ್ತಾಳೆ, ಇವರ ಮನೆಗೆ ಹೋಗಲ್ಲ."

"ಅದು ಮೂಲದಲ್ಲಿ ಇಲ್ಲ ಜಯ. ನಾನು ಎಷ್ಟು ಸಲ ಹೇಳಿದೀನಿ."

"ನಿಮ್ಮ ಮೂಲದಲ್ಲಿ ಇಲ್ದೆ ಇರಬೋದು. ನನಗೆ ಆಗಿದೆ. ಸಾಹೇಬ್ರು ಹೇಳಿದ ಹೆಣ್ಣು ಬಿಟ್ಟಲ್ಲೇ ಕೂತ್ಕೊಂಡ್ಲು. ಕಂಪೌಂಡರ್ ಹೇಳಿದೋಳು ಹೋಗು ಅಂದಾಗ ಹೋದ್ಲು, ಬಾ ಅಂದಾಗ ಬಂದ್ಲು. ಬರಲ್ಲ ಅಂದೋಳು ನನಗೆ ಸಿಕ್ಕಿದ್ದು ಇವಳೊಬ್ಬಳೇ. ಅವಳನ್ನೂ ನೀವು ಅಟ್ಟಕ್ಕೆ ಹಾಕಿದ್ರಿ."

ಅಪ್ಪ ಉತ್ತರಕ್ಕೆ ಬಾಯಿ ತೆರೆದಾಗ ದೇವದಾನಂ ಗಂಟಲು ಸರಿಮಾಡಿಕೊಂಡು, ಮೇಷ್ಟ್ರೇ, ಮೊದಲು ತಂಗಿಯ ಮಾತನ್ನು ನೀವು ಹೇಳಬೇಕು ಎಂದು ನೆನಪಿಸಿದರು. ಅಪ್ಪನಿಗೆ ಸಿಟ್ಟು ಬಂತು. ಆದರೂ ಹೇಳಿದರು. ಅವಳಿಗೆ ಗಂಡನ ಮೇಲೆ ಕೋಪ ಇದೆ, ಅದು ಸಹಜ ಎಂದರು. ಅತ್ತೆ "ಅಲ್ಲ" ಎಂದಳು. ಊರಿನವರು ಆಡಿಕೊಳ್ಳುತ್ತಾರೆಂದು ಹೆದರಿದ್ದಾಳೆ ಎಂದರು. "ಅಲ್ಲ" ಎಂದಳು. ಅಪ್ಪ ಹಾಳೆಗಳ ಕಡೆ ನೋಡಿದರು, ಬೀದಿಯ ಕಡೆ ನೋಡಿದರು. ರೇಷ್ಮೆಗೂಡಿನ ಬುಟ್ಟಿ ಹೊತ್ತ ಇಬ್ಬರು ಹೆಂಗಸರು ಆ ತುದಿಯಿಂದ ಈ ತುದಿಗೆ ನಡೆದುಹೋದರು. ಆಮೇಲೆ, ತರಗತಿಯಲ್ಲಿ ಪಾಠ ಒಪ್ಪಿಸುವ ಹುಡುಗನ ದನಿಯಲ್ಲಿ ಶುರುಮಾಡಿದರು.

"ಆರು ವರ್ಷ ಅಲ್ಲಿ ಒಬ್ಬಳು ಇದ್ಲು ಅನ್ನೋದು ಅವರಿಗೆ ನೆನಪಾಗಿಲ್ಲ. ಕೂಸಿಗೆ ಕೈ ಬೇಕು ಅನ್ನೋದು ನೆನಪಾಗಿದೆ. ಈಗ ಹೋದ್ರೆ, ಕಳಿಸಿದ್ದು ನಡೆದೇ ಇಲ್ಲ ಅಂತ ಅವಳೂ ಒಪ್ಕೊಂಡ ಹಾಗೆ. ಅವಳಣ್ಣನೂ ಅದನ್ನೇ ಮಾಡ್ದ. ಅವಳಿಗೆ ನೋವಾಗಬಾರದು ಅಂತ ನಡೆದೇ ಇಲ್ಲ ಅಂದ."

"ಹೌದು. ನಾನು ಹೇಳಿದ್ದು ಇದೇ."

ಈಗ ಅಪ್ಪನ ಸರದಿ. ಉತ್ತರ ಕೊಡಬೇಕು. ಇಬ್ಬರೂ ಕಾದರು. ಅಪ್ಪ ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕಾಫಿ ತರಲು ಹೇಳಿದರು. ಅಷ್ಟೇ.

ಸಂಜೆ ಭಾವ ಬಂದಾಗ ಇಲ್ಲವೆಂದು ಹೇಳಿದವರು ಅಪ್ಪನೇ. ಹಸಿರು ಸೀರೆಯನ್ನು ಬಾಳೆಲೆಯಲ್ಲಿಟ್ಟು ಹಿಂದಿರುಗಿಸಿದರು. ಕೂಸನ್ನು ಕೊಟ್ಟರೆ ನಮ್ಮ ಮಗಳ ಜೊತೆ ಬೆಳೆಯುತ್ತದೆ ಎಂದು ಮತ್ತೊಮ್ಮೆ ಕೇಳಿದರು. ಭಾವ ಅವಮಾನವಾದವರ ಹಾಗೆ ಎದ್ದರು, ಮೆಟ್ಟಿಲಿಳಿದ ಮೇಲೆ ಒಮ್ಮೆ ನಿಂತು ಆ ತೆಲುಗು ಮಾತನ್ನೇ ಮತ್ತೆ ಹೇಳಿದರು. ಆಗ ಅತ್ತೆ ಬಾಗಿಲ ಹಿಂದೆ ಗೋಡೆಗೆ ಹಣೆ ಒತ್ತಿ ಅಳುತ್ತಿದ್ದಳು. ಗೆದ್ದವಳು ಅಳುವುದು ಯಾಕೆ? ಅವಳಿಗೆ ಬೇಕಾದದ್ದೇ ಆಯಿತಲ್ಲ? ಕೇಳಬೇಕೆಂದು ಹತ್ತಿರ ಹೋದರೆ ಅವಳು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು, ನನಗೆ ಉಸಿರಾಡಲೂ ಆಗಲಿಲ್ಲ.

ಇನ್ನೂ ಗೊಂದಲಕ್ಕೆ ಹಾಕಿದ್ದು ಬೇರೆ. ಆ ಇಬ್ಬರು ಸ್ನೇಹಿತರು ಅತ್ತೆ ಹೋಗಬೇಕು ಎಂದೇ ಅಂದುಕೊಂಡಿದ್ದರು. ಬೀದಿಯ ತಿರುವಿನ ತನಕ ಅವರನ್ನು ಕಳಿಸಲು ಹೋದಾಗ ಅವರವರೇ ವಾದ ಮಾಡುತ್ತಿದ್ದದ್ದು ನನಗೆ ಕೇಳಿಸಿತ್ತು. ಸಾಹೇಬರಿಗೆ ತಾಯಿಯಿಲ್ಲದ ಕೂಸಿನ ಹಕ್ಕು ಎಲ್ಲಕ್ಕಿಂತ ದೊಡ್ಡದು. ದೇವದಾನಂ ಅವರಿಗೆ ದೇವರ ಮುಂದೆ ಆದ ಮದುವೆ ಒಂದೇ, ಆದ್ದರಿಂದ ಇವಳೇ ಹೆಂಡತಿ, ಅವಳ ಜಾಗ ಅಲ್ಲಿಯೇ. ಕಾರಣದಲ್ಲಿ ಜಗಳ, ತೀರ್ಪಿನಲ್ಲಿ ಒಂದೇ ಮಾತು. ಅದನ್ನು ಅತ್ತೆಯ ಮುಂದೆ ಯಾಕೆ ಹೇಳಲಿಲ್ಲ ಎಂದು ಮಾರನೆಯ ವಾರ ಗಫೂರ್ ಸಾಹೇಬರನ್ನು ಕೇಳಿದೆ.

"ನಾನು ಹಾಗೇ ಅನ್ಕೊಂಡಿದ್ದೆ ಬೇಟಿ, ಈಗ್ಲೂ ಅನ್ಕೋತೀನಿ. ಆದ್ರೆ ಅವರ ಮಾತು ಕೇಳಿದ್ಮೇಲೆ ನನ್ನ ಮಾತು ಹೇಳಕ್ಕೆ ನಾಲಿಗೆ ಏಳ್ಲಿಲ್ಲ. ಅದಕ್ಕೆ ಅರ್ಥ ನಾನು ಸೋತೆ ಅಂತಾನೂ ಅಲ್ಲ."

ಮುಂದಿನ ವರ್ಷವೂ ಅಪ್ಪ ರಾಮಾಯಣ ಓದಿದರು, ಪಟ್ಟಾಭಿಷೇಕಕ್ಕೇ ನಿಲ್ಲಿಸಿದರು. ಪಾನಕ ಕುಡಿಯುತ್ತಾ ನಾನು ನೇರವಾಗಿ ಕೇಳಿದೆ, ಆ ಕಾಂಡ ಮೂಲದಲ್ಲಿ ಇದೆಯೋ ಇಲ್ಲವೋ. ಇಲ್ಲ ಅಂತಲೇ ಈಗಲೂ ನನ್ನ ಅಭಿಪ್ರಾಯ, ಆದರೆ, ಎಂದು ಶುರುಮಾಡಿ, ಆ "ಆದರೆ"ಯ ಮುಂದೆ ಏನನ್ನೂ ಇಡಲಿಲ್ಲ. ಅತ್ತೆಯ ಟ್ರಂಕಿನಿಂದ ಹಾಳೆಗಳನ್ನು ವಾಪಸ್ ಕೇಳಲೂ ಇಲ್ಲ. ನಾನು ಹಿಂದಿನ ವರ್ಷದ ಪಕ್ಕದ ಹುಡುಗಿಯ ಹತ್ತಿರ ಹೋಗಿ ಕ್ಷಮೆ ಕೇಳಬೇಕೋ ಬೇಡವೋ ಎಂದು ತುಂಬ ದಿನ ಒದ್ದಾಡಿ, ಕೊನೆಗೆ ಒಂದು ಸೀಬೆಹಣ್ಣು ಕೊಟ್ಟು ಸುಮ್ಮನಾದೆ.

ಆ ಬೇಸಿಗೆಯಲ್ಲಿ ದೇವದಾನಂ ಅವರ ಹೆಂಡತಿ ಒಂದು ಸುದ್ದಿ ತಂದರು. ಹೆರಿಗೆ ಮಾಡಿಸುವ ಕೆಲಸಕ್ಕೆ ಹೆಂಗಸರನ್ನು ತರಬೇತಿಗೆ ತೆಗೆದುಕೊಳ್ಳುತ್ತಿದ್ದಾರೆ, ಅರ್ಜಿಯನ್ನು ಚಿಕ್ಕಬಳ್ಳಾಪುರದಲ್ಲಿ ಕೊಡಬೇಕು. ಮಕ್ಕಳಿಲ್ಲದವಳು ಆ ಕೆಲಸಕ್ಕಾ ಎಂದು ಅಮ್ಮ ಗೊಣಗಿದಳು. ಅಪ್ಪ ಅರ್ಜಿಯನ್ನು ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದುಕೊಟ್ಟರು. ಅವರಿಗೆ ಪರೀಕ್ಷೆಯ ಕೆಲಸವಿದ್ದದ್ದರಿಂದ ಅತ್ತೆಗೆ ಜೊತೆಯಾಗಿ ನಾನು ಹೊರಟೆ. ಸಣ್ಣ ರೈಲು, ಕಿಟಕಿಯಿಂದ ಮುಖಕ್ಕೆ ಹಾರುವ ಕಲ್ಲಿದ್ದಲ ಪುಡಿ, ಎರಡೂ ಕಡೆ ದ್ರಾಕ್ಷಿಯ ಚಪ್ಪರ. ಕಚೇರಿಯಲ್ಲಿ ಒಬ್ಬರು ವಯಸ್ಸಾದ ಗುಮಾಸ್ತರಿದ್ದರು, ಒಳ್ಳೆಯವರು, ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಅರ್ಜಿ ನೋಡಿ, ಗಂಡನ ಹೆಸರಿನ ಜಾಗ ಖಾಲಿ ಬಿಟ್ಟಿದ್ದೀರಲ್ಲ ಎಂದರು. ಅಪ್ಪ ಬೇಕೆಂದೇ ಬಿಟ್ಟಿದ್ದರು. ಗಂಡ ಇದ್ದಾರಾ ಎಂದು ಕೇಳಿದರು. ಇದ್ದಾರೆ ಎಂದಳು. ಜೊತೆಯಲ್ಲಿದ್ದೀರಾ ಎಂದರು. ಇಲ್ಲ ಎಂದಳು. ಗುಮಾಸ್ತರು ಪೆನ್ನನ್ನು ಅರ್ಧಕ್ಕೇ ಎತ್ತಿ ಹಿಡಿದು ಮೆಲ್ಲಗೆ ಹೇಳಿದರು.

"ಅಣ್ಣನ ಹೆಸರು ಹಾಕ್ಬಿಡ್ತೀನಮ್ಮ. ಅದೆಲ್ಲಾ ಯಾಕೆ, ಬಿಟ್ಬಿಡಣ."

"ಬಿಡ್ಬೇಡಿ. ಬರ್ಕೊಳ್ಳಿ."

ಅತ್ತೆ ಗಂಡನ ಹೆಸರನ್ನು ಹೇಳಿದಳು. ಏಳು ವರ್ಷ ಒಂದೇ ಮನೆಯಲ್ಲಿದ್ದು ಆ ಹೆಸರನ್ನು ನಾನು ಅವಳ ಬಾಯಲ್ಲಿ ಕೇಳಿರಲಿಲ್ಲ. ಆ ಕಾಲದ ಹೆಂಗಸರು ಯಾರೂ ಹೇಳುತ್ತಿರಲಿಲ್ಲ. ಅವಳು ಅದನ್ನು ಕೋಪದಿಂದ ಹೇಳಿದಳೋ, ಪ್ರೀತಿ ಉಳಿದಿತ್ತೋ, ಬರೀ ಒಂದು ಸಂಗತಿಯ ಹಾಗೆ ಹೇಳಿದಳೋ, ಅವಳ ಮುಖದಲ್ಲಿ ನನಗೆ ಕಾಣಲಿಲ್ಲ. ಈ ವಯಸ್ಸಿನಲ್ಲಿ ನೆನಪು ಮಾಡಿಕೊಂಡರೂ ಕಾಣುವುದಿಲ್ಲ. ಗುಮಾಸ್ತರು ಸರಿಯಾಗಿ ಕೇಳಿಸದೆ ತಪ್ಪು ಬರೆಯಹೊರಟರು. ಅತ್ತೆ ಮೇಜಿನ ಮೇಲೆ ಬಗ್ಗಿ, ಅವರ ಪೆನ್ನಿನ ಮೊನೆಯನ್ನೇ ನೋಡುತ್ತಾ, ಇನ್ನೊಂದು ಸಲ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.